ಮೂರು ಸಲ ತಟ್ಟಲೇಬೇಕಾದ ಬಾಗಿಲು

ಬೆಳಗಿನ ಜಾವ ಐದು ಗಂಟೆ. ವೆಲಿಂಗ್ಟನ್ನಿನ ಪಾರ್ಲಿಮೆಂಟ್ ಭವನದಲ್ಲಿ, ಕೆಳಮನೆಯ ದೊಡ್ಡ ಬಾಗಿಲ ಮುಂದೆ ಹೆಂಗಸೊಬ್ಬರು ಮಂಡಿಯೂರಿ ಕೂತಿದ್ದಾರೆ. ಮಂಡಿಯ ಕೆಳಗೆ ಮಡಿಸಿದ ಗೋಣಿಚೀಲ, ಪಕ್ಕದಲ್ಲಿ ಬಕೆಟ್ಟು, ಕೈಯಲ್ಲಿ ಆಲೂಗೆಡ್ಡೆ ಸಿಪ್ಪೆ ಹೆರೆಯುವ ಚಾಕು. ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದಿಗೆ ಒತ್ತಿ ಹಿಡಿದಿದ್ದಾರೆ. ನಾನು ಕೆಮ್ಮುತ್ತೇನೆ. ಅವರು ತಿರುಗಿ ನೋಡುವುದಿಲ್ಲ.

"ಯಾರು, ಪೇಪರಿನವರಾ? ಒದ್ದೆ ನೆಲ ತುಳೀಬೇಡಿ. ಅಲ್ಲೇ ನಿಂತ್ಕೊಳ್ಳಿ."

ನಿಂತುಕೊಳ್ಳುತ್ತೇನೆ. ಮಂತ್ರಿಗಳ ಎದುರು ಕಾಲಮೇಲೆ ಕಾಲು ಹಾಕಿ ಕೂತು ಬಂದವನು ನಾನು. ಆದರೆ ಈ ದನಿಗೆ ಎದುರಾಡುವ ಧೈರ್ಯ ನನಗಿಲ್ಲ. ಇವರು ಎಫಿ ಪಾಸ್ಕೋ. ವಯಸ್ಸು ಐವತ್ತೊಂದು. ಈ ಭವನ ಗುಡಿಸಿ ಒರೆಸುವ ಐದು ಹೆಂಗಸರ ಮೇಸ್ತ್ರಿ, ಹತ್ತೊಂಬತ್ತು ವರ್ಷದಿಂದ.

ಇವತ್ತು ಮಧ್ಯಾಹ್ನ ಎರಡೂವರೆಗೆ ಹೊಸ ಅಧಿವೇಶನ ಶುರುವಾಗುತ್ತದೆ. ಯುದ್ಧದ ಮೂರನೆಯ ವರ್ಷ. ಸಿಂಗಪುರ ಬಿದ್ದು ಇನ್ನೂ ತಿಂಗಳು ತುಂಬಿಲ್ಲ. ಊರಿನ ಉದ್ಯಾನಗಳಲ್ಲೆಲ್ಲ ಕಂದಕ ತೋಡಿದ್ದಾರೆ. ಈ ಸಲ ತೋಪು ಹಾರಿಸುವುದಿಲ್ಲವಂತೆ, ಜಪಾನಿನವರೇ ಬಂದರೆಂದು ಜನ ಮಂಚದ ಕೆಳಗೆ ಸೇರಿಕೊಂಡಾರೆಂಬ ಭಯ. ಆದರೂ ಟೋಪಿ, ಪದಕ, ರೇಷ್ಮೆ ಕೈಚೀಲಗಳ ಮೆರವಣಿಗೆ ತಪ್ಪುವುದಿಲ್ಲ. ನಮ್ಮ ಸಂಪಾದಕರು ನನಗೂ "ಹೆಂಗಸರ ಟೋಪಿ ಬಗ್ಗೆ ಅರ್ಧ ಕಾಲಂ" ಎಂದು ಹೇಳಿ ಕಳಿಸಿದ್ದಾರೆ. ಟೋಪಿಯ ಬಗ್ಗೆ ಬರೆಯುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ನಾನು ಬಾಗಿಲ ಬಗ್ಗೆ ಬರೆಯುತ್ತೇನೆ.

"ಬಾಗಿಲಿಗೇನಾಗಿದೆ ಮಿಸೆಸ್ ಪಾಸ್ಕೋ?"

"ಮುಚ್ಚಿಕೊಳ್ತಿಲ್ಲ."

"ಅಷ್ಟೇನಾ?"

ಆಗ ತಿರುಗಿ ನೋಡುತ್ತಾರೆ. ನಾನು ಅವರ ಮನೆಯವರನ್ನೇ ಬೈದೆನೇನೋ ಎಂಬಂಥ ನೋಟ.

"ಅಷ್ಟೇನಾ ಅಂತೀರಲ್ಲ! ಇವತ್ತು ಏನಾಗುತ್ತೆ ಗೊತ್ತಾ ನಿಮ್ಗೆ? ರಾಜರ ಪರವಾಗಿ ಗವರ್ನರ್ ಜನರಲ್ ಬರ್ತಾರೆ, ಮೇಲ್ಮನೇಲಿ ಕೂತ್ಕೋತಾರೆ. ಕೆಳಮನೆಯವರನ್ನ ಕರ್ಕೊಂಡು ಬಾ ಅಂತ ಒಬ್ಬರನ್ನ ಕಳಿಸ್ತಾರೆ. ಕೈಯಲ್ಲಿ ಕರೀ ಕೋಲು, ಕಾಲಿಗೆ ರೇಷ್ಮೆ ಕಾಲುಚೀಲ. ಆ ಮನುಷ್ಯ ಇಲ್ಲಿಗೆ ಬರ್ತಿದ್ದ ಹಾಗೇ ನಾವು ಅವರ ಮೂತಿಗೆ ಬಾಗಿಲು ಹಾಕ್ತೀವಿ. ಧಡಾರ್ ಅಂತ! ಇದು ಜನರ ಮನೆ ಸ್ವಾಮಿ. ರಾಜರ ಕಡೆಯವರೇ ಆಗ್ಲಿ, ರಾಜರ ಅಪ್ಪನ ಕಡೆಯವರೇ ಆಗ್ಲಿ, ಮೂರು ಸಲ ತಟ್ಟಬೇಕು. ಯಾರಪ್ಪಾ ಅಂತ ನಾವು ಕೇಳ್ಬೇಕು. ಆಮೇಲೆ, ನಮಗೆ ಮನಸ್ಸು ಬಂದಾಗ, ತೆಗೀತೀವಿ. ಮುನ್ನೂರು ವರ್ಷದ ಹಿಂದೆ ಯಾವನೋ ರಾಜ ಸಿಪಾಯಿಗಳನ್ನ ಕಟ್ಕೊಂಡು ಲಂಡನ್ನಿನ ಸಭೆಗೆ ನುಗ್ಗಿದ್ದನಂತೆ. ಆವತ್ತಿಂದ ಈ ಶಾಸ್ತ್ರ."

ಈ "ನಾವು" ಎನ್ನುವ ಮಾತನ್ನು ಅವರು ಎಷ್ಟು ಸಲೀಸಾಗಿ ಆಡುತ್ತಾರೆಂದರೆ, ಒಳಗಿನ ಎಂಬತ್ತು ಆಸನಗಳಲ್ಲಿ ಒಂದು ಇವರದ್ದೇ ಇರಬೇಕು ಅನಿಸುತ್ತದೆ. ಆಸನ ಇವರದ್ದಲ್ಲ. ಅದರ ಧೂಳು ಇವರದ್ದು.

ಬಾಗಿಲು ಕೆಟ್ಟ ಕತೆ ಇಷ್ಟು. ಇರುಳು ಹೊತ್ತು ಒಂದೆಳೆ ಬೆಳಕೂ ಹೊರಗೆ ಸೋರಬಾರದೆಂಬ ಅಪ್ಪಣೆ ಬಂದು, ಭವನದ ಬಾಗಿಲುಗಳ ಚೌಕಟ್ಟಿಗೆಲ್ಲ ಕಂಬಳಿಯಷ್ಟು ದಪ್ಪದ ಕಪ್ಪು ಪಟ್ಟಿ ಬಡಿದಿದ್ದಾರೆ. ಬೆಳಕು ಸೋರುವುದು ನಿಂತಿದೆ. ಜೊತೆಗೇ ಈ ಬಾಗಿಲು ಚೌಕಟ್ಟಿನೊಳಗೆ ಪೂರ್ತಿ ಕೂರುವುದೂ ನಿಂತಿದೆ. ಚಿಲಕದ ನಾಲಿಗೆ ಅದರ ಗೂಡಿಗೆ ಕಾಲಂಗುಲ ಮೊದಲೇ ನಿಂತುಬಿಡುತ್ತದೆ. ನೋಡಿದರೆ ಮುಚ್ಚಿದಂತೆ ಕಾಣುತ್ತದೆ, ಬೆರಳಲ್ಲಿ ದೂಡಿದರೆ ತೆರೆದುಕೊಳ್ಳುತ್ತದೆ. ಭವನದ ಬಡಗಿ ಇದ್ದಿದ್ದರೆ ಅರ್ಧ ಗಂಟೆಯ ಕೆಲಸ. ಬಡಗಿ ಈಗ ಈಜಿಪ್ಟಿನ ಮರಳಲ್ಲಿ ಬಂದೂಕು ಹಿಡಿದು ಕೂತಿದ್ದಾನೆ.

ಇದು ಗೊತ್ತಾಗಿದ್ದು ನಿನ್ನೆ, ತಾಲೀಮಿನಲ್ಲಿ. ಅದನ್ನು ಹೇಳಬೇಕಾದರೆ ಎಫಿಯ ಜೊತೆಗಾತಿ ಹುಯಿಯಾಗೆ ನಗು ತಡೆಯಲಾಗುವುದಿಲ್ಲ. ಹುಯಿಯಾ ನಲವತ್ತು ದಾಟಿದ, ಈ ನಾಡಿನ ಮೂಲನಿವಾಸಿಗಳಾದ ಮಾವೊರಿ ಜನರ ಹೆಂಗಸು. ಗಂಡ ಅದೇ ಮರಳುಗಾಡಿನ ಪಡೆಯಲ್ಲಿದ್ದಾನೆ. ನಾಲ್ಕು ಮಕ್ಕಳನ್ನು ತಾಯಿಯ ಹತ್ತಿರ ಬಿಟ್ಟು ಬೆಳಗ್ಗೆ ಇಲ್ಲಿಗೆ ಬರುತ್ತಾಳೆ.

"ಕರಿಕೋಲಿನವರು ಬಂದ್ರು. ನಮ್ಮ ಪರ್ಸಿ ಗ್ರಿಮೆಟ್ ಬಾಗಿಲು ಹಾಕಿದ. ಬಾಗಿಲು ಕಾಯೋ ಕೆಲಸ ಅವನದ್ದು. ಎಪ್ಪತ್ತರ ಮುದುಕ, ನೋಡೋಕೆ ದೊರೆ ಥರ. ಅವರು ಹೀಗೆ ಕೋಲಲ್ಲಿ ಟಕ್ ಅನ್ನಿಸಿದ್ರು ನೋಡಿ, ಒಂದೇ ಒಂದು ಸಲ, ಬಾಗಿಲು ತಾನಾಗೇ ತಕ್ಕೊಂಡ್ತು! ಎಲ್ಲರೂ ಹಾ ಅಂದ್ರು. ಸರಿ, ಇನ್ನೊಂದು ಸಲ ಅಂದ್ರು. ಈ ಸಲ ಪರ್ಸಿ ಒಳಗಡೆಯಿಂದ ಹೆಗಲು ಕೊಟ್ಟು ನಿಂತ. ಅವರು ತಟ್ಟಿದ್ರು. ಈ ಎಫಿ ಮುಂಜಾನೆ ತಾನೆ ನೆಲಕ್ಕೆ ಮೇಣ ತಿಕ್ಕಿದ್ಲು, ಕನ್ನಡಿ ಥರ. ಪರ್ಸಿ ಕಾಲು ಜರ್ರ್ ಅಂತ ಜಾರ್ತು. ಬಾಗಿಲು ತಕ್ಕೊಂಡಾಗ ನೋಡ್ತೀವಿ, ನಮ್ಮ ಜನರ ಮನೆ ದ್ವಾರಪಾಲಕ ರಾಜರ ದೂತನ ಕಾಲಬುಡದಲ್ಲಿ ಎರಡೂ ಮಂಡಿ ಊರಿ ಕೂತಿದ್ದಾನೆ!"

"ನಗಬೇಡ ಕಣೇ," ಎಫಿ ಗದರುತ್ತಾರೆ. "ಮುನ್ನೂರು ವರ್ಷದಲ್ಲಿ ಯಾರೂ ಮಾಡದೇ ಇರೋದನ್ನ ಮಾಡಿಬಿಟ್ಟ."

"ಅವನು ನಿನ್ನ ಮೇಣನೇ ಬೈತಿದ್ದ."

"ಬೈಲಿ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ." ಆಮೇಲೆ ನನ್ನತ್ತ ತಿರುಗಿ, ತಗ್ಗಿದ ದನಿಯಲ್ಲಿ, "ತಪ್ಪು ನಂದೂ ಇದೆ ಅನ್ನಿ. ಬಾಗಿಲ ಹತ್ರ ಅಷ್ಟು ಹೊಳಪು ಬೇಡವಾಗಿತ್ತು. ಅಭ್ಯಾಸ ನೋಡಿ, ಕೈ ನಿಲ್ಲಲ್ಲ."

ಈ ಕೈಯ ಕೆಲಸವನ್ನು ಲೆಕ್ಕ ಹಾಕಿ ನೋಡಿದೆ. ದಿನಾ ನಾಲ್ಕೂಕಾಲಕ್ಕೆ ಬರುತ್ತಾರೆ, ಎಂಟಕ್ಕೆ ಹೊರಡುತ್ತಾರೆ. ಎಂಬತ್ತು ಮೇಜು, ಎಂಬತ್ತು ಮಸಿ ಕುಡಿಕೆ, ಅರವತ್ತಮೂರು ಹಿತ್ತಾಳೆ ಹಿಡಿಕೆ, ನೂರಹದಿನೆಂಟು ಅಮೃತಶಿಲೆ ಮೆಟ್ಟಿಲು. ಬಕೆಟ್ಟಿನ ನೀರು ಹನ್ನೊಂದು ಸಲ ಬದಲಾಗಬೇಕು. ಸದಸ್ಯರು ಮೇಜಿನ ಕೆಳಗೆ ಅಂಟಿಸಿ ಹೋದದ್ದನ್ನು ಕೆರೆದು ತೆಗೆಯಬೇಕು. ಯಾವ ಸದಸ್ಯರು ಸಭೆಯಲ್ಲಿ ನಿದ್ದೆ ಹೊಡೆಯುತ್ತಾರೆ, ಯಾರು ಗುಟ್ಟಾಗಿ ಪೆಪ್ಪರ್‌ಮಿಂಟು ತಿನ್ನುತ್ತಾರೆ, ಯಾರು ಉಗುರು ಕಚ್ಚುತ್ತಾರೆ, ಎಲ್ಲವೂ ಎಫಿಗೆ ಗೊತ್ತು. ಬಾಯಿ ಬಿಡುವುದಿಲ್ಲ. ನಾನು ಪಕ್ಷಾಂತರದ ಗಾಳಿಸುದ್ದಿಯ ಬಗ್ಗೆ ಕೇಳಿದ್ದಕ್ಕೆ, "ನೆಲ ಒಣಗಿತು, ಈಗ ಈಚೆ ಬನ್ನಿ" ಅಂದರು.

ಎಂಟಕ್ಕೆ ಹೊರಡಬೇಕೆಂಬುದು ನಿಯಮ. ಆದ್ದರಿಂದ ಹತ್ತೊಂಬತ್ತು ಅಧಿವೇಶನಗಳಿಗೆ ನೆಲ ಒರೆಸಿದ ಎಫಿ ಒಂದರ ಉದ್ಘಾಟನೆಯನ್ನೂ ಕಣ್ಣಲ್ಲಿ ನೋಡಿಲ್ಲ. ಬೇಸರವಿಲ್ಲವೇ ಎಂದರೆ, "ಮದುವೆ ಮನೇಲಿ ಅಡುಗೆಯವರು ಧಾರೆ ನೋಡ್ತಾರಾ?" ಎಂದು ನನಗೇ ಕೇಳುತ್ತಾರೆ. ಈಗ ಆರು ವರ್ಷದಿಂದ ಸಭೆಯ ಕಲಾಪ ರೇಡಿಯೋದಲ್ಲಿ ಬರುತ್ತಿದೆ. ಮನೆಯಲ್ಲಿ ಕೂತು ಬಾಗಿಲ ಸದ್ದು ಕೇಳುತ್ತಾರೆ. ಅಷ್ಟು ಸಾಕು ಅವರಿಗೆ.

ಎಫಿಯ ಗಂಡ ವಿಲ್ಫ್ ಹಡಗುಕಟ್ಟೆಯ ಕೂಲಿ. ಹಿಂದಿನ ಯುದ್ಧದಲ್ಲಿ, ಹದಿನೇಳನೇ ಇಸವಿಯಲ್ಲಿ, ಬೆಲ್ಜಿಯಮ್ಮಿನ ಕೆಸರಲ್ಲಿ ಸತ್ತ. ಎರಡು ವರ್ಷದ ಮಗ ಕ್ಲೆಮ್‌ನನ್ನು ಎಫಿ ಹೋಟೆಲಿನ ತಟ್ಟೆ ತೊಳೆದು, ಯಾರದೋ ಬಟ್ಟೆ ಒಗೆದು, ಆಮೇಲೆ ಇಲ್ಲಿ ನೆಲ ತಿಕ್ಕಿ ಬೆಳೆಸಿದರು. ಆ ಕಷ್ಟವನ್ನು ಕೇಳಿದರೆ ಕೈ ಒದರಿಬಿಡುತ್ತಾರೆ. ಮಗನ ವಿಷಯ ಕೇಳಿದರೆ ಮಾತ್ರ ಮುಖ ಅರಳುತ್ತದೆ.

"ಎಂಟು ವರ್ಷದವನಿದ್ದಾಗ ಶಾಲೆಗೆ ಹೋಗಿ, ನಮ್ಮಮ್ಮ ರಾಜನ ಮುಖಕ್ಕೆ ಬಾಗಿಲು ಹಾಕ್ತಾಳೆ ಅಂತ ಜಂಬ ಕೊಚ್ಚಿದ್ದ. ಮೇಷ್ಟ್ರು ಸುಳ್ಳು ಹೇಳ್ತೀಯಾ ಅಂತ ಎರಡು ಬಿಟ್ರು. ನಾನು ಬಕೆಟ್ಟು ಹಿಡ್ಕೊಂಡೇ ಶಾಲೆಗೆ ಹೋದೆ. ಬಾಗಿಲು ದೂಡೋದು ಬೇರೆಯವರು ಸ್ವಾಮಿ, ಆದ್ರೆ ಅದು ಸರಿಯಾಗಿ ಮುಚ್ಚಿಕೊಳ್ಳೋ ಹಾಗೆ ನೋಡ್ಕೊಳ್ಳೋದು ನಾನು, ಅದಕ್ಕೆ ಎಣ್ಣೆ ಹಾಕೋದು ನಾನು, ನನ್ನ ಮಗ ಸುಳ್ಳು ಹೇಳಿಲ್ಲ ಅಂದೆ. ಆ ಮೇಷ್ಟ್ರು ಆಮೇಲೆ ನನ್ನ ಕಂಡ್ರೆ ರಸ್ತೆ ದಾಟ್ತಿದ್ರು."

ಕ್ಲೆಮ್‌ಗೆ ಈಗ ಇಪ್ಪತ್ತೇಳು. ಹೋದ ವರ್ಷ ಕ್ರೀಟ್ ದ್ವೀಪದಲ್ಲಿ ಸೆರೆಸಿಕ್ಕ. ಈಗ ಜರ್ಮನಿಯ ಒಂದು ಶಿಬಿರದಲ್ಲಿದ್ದಾನೆ. ತಿಂಗಳ ಹಿಂದೆ ಅವನ ಕಾರ್ಡು ಬಂತು. ಎಫಿ ಅದನ್ನು ಏಪ್ರನ್ನಿನ ಜೇಬಿನಿಂದ ತೆಗೆದು, ಕೈ ಒರೆಸಿಕೊಂಡು, ನನಗೆ ಕೊಡುತ್ತಾರೆ. ಪೆನ್ಸಿಲ್ಲಿನ ಏಳು ಸಾಲು. ಚೆನ್ನಾಗಿದ್ದೇನೆ, ಕಾಲುಚೀಲ ಸಿಕ್ಕಿತು, ಆಲೂಗೆಡ್ಡೆ ಸಾಕುಸಾಕಾಗಿದೆ. ಕೊನೆಗೆ ಹೀಗಿದೆ: "ಇಲ್ಲಿ ಎಲ್ಲಾ ಬಾಗಿಲಿಗೂ ಚಿಲಕ ಹೊರಗಡೆ ಇದೆ ಅಮ್ಮಾ. ನಿನ್ನ ಬಾಗಿಲು ಹೇಗಿದೆ? ಈ ಸಲವೂ ಹಾಕಿದೆಯಾ?"

"ಉತ್ತರ ಬರೆದಿಲ್ಲ ಇನ್ನೂ," ಎನ್ನುತ್ತಾರೆ ಎಫಿ. "ಇವತ್ತಿನ ದಿನ ಮುಗೀಲಿ ಅಂತ ಕಾದಿದ್ದೀನಿ. ಅವನಿಗೆ ಸುಳ್ಳು ಬರೆಯೋಕೆ ಆಗಲ್ಲ ನಂಗೆ. ಅಲ್ಲಿ ಚಿಲಕ ಹೊರಗಡೆ ಇದೆ, ಇಲ್ಲಿ ಒಳಗಡೆ ಇದೆ. ಅದಕ್ಕೇ ತಾನೆ ಇಷ್ಟೆಲ್ಲ ಯುದ್ಧ? ಈಗ ನಮ್ಮ ಚಿಲಕವೇ ಕೂರ್ತಿಲ್ಲ ಅಂತ ಹೇಗೆ ಬರೀಲಿ ಹೇಳಿ."

"ಅವನು ಬಂದ್ರೆ ಎದುರಿಗೇ ಹೇಳುವೆಯಂತೆ ಬಿಡು," ಎನ್ನುತ್ತಾಳೆ ಹುಯಿಯಾ, ಸಮಾಧಾನಕ್ಕೆ.

"ಬಂದ್ರೆ ಅಲ್ಲ ಕಣೇ. ಬಂದಾಗ."

ಆರೂವರೆಗೆ ಮಿಸ್ಟರ್ ಕ್ವೇಲ್ ಬರುತ್ತಾರೆ. ಕಟ್ಟಡದ ಉಸ್ತುವಾರಿ ಅವರದ್ದು. ಕೆಟ್ಟವರಲ್ಲ, ನಿದ್ದೆಗೆಟ್ಟವರು. ಕೈಯಲ್ಲಿ ಕಾಗದದ ಕಟ್ಟು.

"ಮಿಸೆಸ್ ಪಾಸ್ಕೋ, ಏಳಿ, ಸಾಕು. ತೀರ್ಮಾನ ಆಗಿದೆ. ಈ ವರ್ಷ ಬಾಗಿಲು ತೆರೆದೇ ಇರಲಿ. ಅವರು ಬಂದು ಚೌಕಟ್ಟಿಗೆ ಮೂರು ಸಲ ತಟ್ಟಲಿ. ಯುದ್ಧಕಾಲ, ಯಾರೂ ಏನೂ ಅಂದ್ಕೊಳ್ಳಲ್ಲ."

"ತೆರೆದಿರೋ ಬಾಗಿಲಿಗೆ ತಟ್ಟೋದಾ? ಊಟ ಆದ್ಮೇಲೆ ಎಲೆ ಹಾಕಿದ ಹಾಗೆ!"

"ಈ ವರ್ಷ ಮಾತ್ರ."

"ಈ ವರ್ಷ ಮಾತ್ರ ಅಂತ ಬಿಟ್ಟಿದ್ದು ಮುಂದಿನ ವರ್ಷ ಪದ್ಧತಿ ಆಗುತ್ತೆ ಮಿಸ್ಟರ್ ಕ್ವೇಲ್. ಚಿಲಕದ ಕಡೆ ಪಟ್ಟಿ ಒಂದನ್ನ ಕಿತ್ತು ಹಾಕಿದ್ರೆ ಮುಗೀತು."

"ಕೀಳೋ ಹಾಗಿಲ್ಲ! ಬಾಗಿಲಿಗೆ ಕಪ್ಪು ಪಟ್ಟಿ ಇರಲೇಬೇಕು ಅಂತ ಅಪ್ಪಣೆ. ಸಂಜೆಯೂ ಸಭೆ ಇದೆ, ಬೆಳಕು ಸೋರಿದ್ರೆ ನನ್ನ ತಲೆ ಹೋಗುತ್ತೆ. ಬದಲಾಯಿಸಬೇಕಾದ್ರೆ ಮೂರು ಕಡೆ ಸಹಿ ಆಗಬೇಕು, ಮೂರು ವಾರ ಬೇಕು."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತೇನೆ. ಎಫಿ ಮಾತ್ರ ಸೊಂಟಕ್ಕೆ ಕೈ ಕೊಟ್ಟು ಎದ್ದು ನಿಲ್ಲುತ್ತಾರೆ. ಮಂಡಿ ಎರಡೂ ಲಟಕ್ ಎನ್ನುತ್ತವೆ.

"ಆ ಅಪ್ಪಣೆ ಕಾಗದ ನಿಮ್ಮ ಹತ್ರ ಇದೆಯಾ?"

"ಇದೆ."

"ಪಟ್ಟಿ ಎಷ್ಟು ದಪ್ಪ ಇರಬೇಕು ಅಂತ ಬರೆದಿದೆ, ಸ್ವಲ್ಪ ಓದಿ."

ಕ್ವೇಲ್ ಕನ್ನಡಕ ಏರಿಸಿಕೊಂಡು ಓದುತ್ತಾರೆ. ಹಾಳೆ ತಿರುವುತ್ತಾರೆ. ಮತ್ತೆ ಮೊದಲಿಂದ ಓದುತ್ತಾರೆ. ಹುಯಿಯಾ ಬಾಯಿಗೆ ಏಪ್ರನ್ ತುರುಕಿಕೊಂಡು ಗೋಡೆಯ ಕಡೆ ತಿರುಗುತ್ತಾಳೆ.

"ದಪ್ಪ... ಬರೆದಿಲ್ಲ," ಎನ್ನುತ್ತಾರೆ ಕೊನೆಗೆ.

"ಕಪ್ಪಗಿರಬೇಕು, ಬೆಳಕು ಬಿಡಬಾರದು. ಅಷ್ಟು ತಾನೆ?"

"ಅಷ್ಟೇ. ಆದ್ರೆ ಈಗ ಎಲ್ಲಿಂದ ತರ್ತೀರಿ? ಅಂಗಡಿ ತೆಗೆಯೋದು ಒಂಬತ್ತಕ್ಕೆ. ಕಪ್ಪು ಬಟ್ಟೆ ಊರಲ್ಲೇ ಖಾಲಿ. ಎಂಟಕ್ಕೆ ಜಮಖಾನೆ ಹಾಸುವವರು ಬರ್ತಾರೆ, ಅಷ್ಟರೊಳಗೆ ಆಗದಿದ್ರೆ ಬಾಗಿಲು ತೆರೆದೇ ಇರುತ್ತೆ. ಇದೇ ಕೊನೇ ಮಾತು."

ಎಫಿ ಗೂಡಿನಂಥ ಸಾಮಾನು ಕೋಣೆಗೆ ಹೋಗಿ, ತಮ್ಮ ಚೀಲದಿಂದ ಕಂದು ಕಾಗದದ ಪೊಟ್ಟಣವೊಂದನ್ನು ತರುತ್ತಾರೆ. ಬಿಚ್ಚಿದರೆ ಕಪ್ಪು ಸರ್ಜ್ ಬಟ್ಟೆಯ ಉದ್ದ ಲಂಗ. ಹಳೆಯ ಕಾಲದ ಹೊಲಿಗೆ, ಇನ್ನೂ ಕಪ್ಪು ಮಾಸಿಲ್ಲ, ನುಸಿಗುಳಿಗೆಯ ವಾಸನೆ. ಇದನ್ನು ಅವರು ಮನೆಯಿಂದಲೇ ಯೋಚಿಸಿ ತಂದಿದ್ದಾರೆ.

ಹುಯಿಯಾಳ ನಗು ನಿಂತುಹೋಗುತ್ತದೆ. "ಎಫೀ, ಅದು ವಿಲ್ಫ್ ಸತ್ತಾಗ ಸೂತಕಕ್ಕೆ ಉಟ್ಟಿದ್ದು ಅಲ್ವಾ? ಬೇಡ ಕಣೇ. ನಮ್ಮನೇಲಿ ಯಾವ್ದಾದ್ರೂ ಕರೀ ಕಂಬಳಿ..."

"ಕಂಬಳಿ ದಪ್ಪ. ಇದು ತೆಳು, ಒತ್ತಾದ ನೇಯ್ಗೆ. ಸೂರ್ಯನ್ನೇ ಬಿಡಲ್ಲ. ಎರಡು ವರ್ಷ ಉಟ್ಟಿದ್ದೀನಲ್ಲ, ನಂಗೊತ್ತಿಲ್ವಾ?" ಲಂಗವನ್ನು ನೆಲದ ಮೇಲೆ ಹರಡಿ, ಒಮ್ಮೆ ಅಂಗೈಯಿಂದ ಸವರಿ, ಚಾಕು ಹಾಕುತ್ತಾರೆ. "ಇಪ್ಪತ್ಮೂರು ವರ್ಷ ಪೆಟ್ಟಿಗೇಲಿ ಸುಮ್ನೆ ಬಿದ್ದಿತ್ತು. ಈಗೊಂದು ಕೆಲಸ ಸಿಕ್ತು. ಹಿಡ್ಕೋ ಆ ಕಡೆ."

ಬಟ್ಟೆ ಹರಿಯುವ ಸದ್ದು ಖಾಲಿ ಮೊಗಸಾಲೆಯಲ್ಲಿ ಜೋರಾಗಿ ಕೇಳುತ್ತದೆ. ಎಫಿಯ ಕಣ್ಣಲ್ಲಿ ನೀರಿಲ್ಲ. ಅಳತೆ ಇದೆ.

ಚಿಲಕದ ಕಡೆಯ ದಪ್ಪ ಪಟ್ಟಿಯನ್ನು ಇಬ್ಬರೂ ಸೇರಿ ಕೀಳುತ್ತಾರೆ. ಆ ಜಾಗದಲ್ಲಿ ಲಂಗದ ಪಟ್ಟಿಯನ್ನು ಮೇಲಿಂದ ಕೆಳಗೆ ಎಳೆದು ಹಿಡಿದು ಸಣ್ಣ ಮೊಳೆ ಬಡಿಯುತ್ತಾರೆ. ಕ್ವೇಲ್ ಕೋಟು ಬಿಚ್ಚಿಟ್ಟು ಏಣಿ ಹಿಡಿಯುತ್ತಾರೆ, ಯಾರೂ ಹೇಳದೆಯೇ. ಏಳೂಕಾಲಕ್ಕೆ ಮೊದಲ ಪರೀಕ್ಷೆ. ಹುಯಿಯಾ ಹೊರಗೆ ನಿಂತು ಪೊರಕೆಯ ಹಿಡಿಯಿಂದ ತಟ್ಟುತ್ತಾಳೆ. ಒಂದು, ಸರಿ. ಎರಡು, ಸರಿ. ಮೂರನೆಯದಕ್ಕೆ ಬಾಗಿಲು ಕಿರ್ರೆಂದು ತೆರೆದುಕೊಳ್ಳುತ್ತದೆ. ಪೊರಕೆ ಹಿಡಿದ ಹುಯಿಯಾ ಒಳಗಿರುವ ನಮ್ಮನ್ನು ನೋಡುತ್ತಾಳೆ. ಕ್ವೇಲ್ ಗಡಿಯಾರ ನೋಡುತ್ತಾರೆ.

"ಆಯ್ತಲ್ಲ ಮಿಸೆಸ್ ಪಾಸ್ಕೋ. ನೀವು ಮಾಡೋದೆಲ್ಲ ಮಾಡಿದ್ರಿ."

"ಇನ್ನೂ ಮುಕ್ಕಾಲು ಗಂಟೆ ಇದೆ," ಎನ್ನುತ್ತಾ ಎಫಿ ಮತ್ತೆ ಗೋಣಿಚೀಲದ ಮೇಲೆ ಕೂರುತ್ತಾರೆ. ಸಂದಿಯಲ್ಲಿ ಬೆರಳಾಡಿಸುತ್ತಾ ಮೇಲಿಂದ ಕೆಳಗೆ ಬರುತ್ತಾರೆ. ಹೊಸ್ತಿಲಿನ ಹತ್ತಿರ ಬೆರಳು ನಿಲ್ಲುತ್ತದೆ. ಲಂಗದ ಕೆಳಅಂಚು ಅದು, ಮಡಿಸಿ ಹೊಲಿದದ್ದು, ಅಲ್ಲಿ ಬಟ್ಟೆ ಮೂರು ಪದರ. ಬಾಗಿಲಿನ ಬುಡ ಅದರ ಮೇಲೆ ಕೂತು ಮೇಲಿನ ಚಿಲಕವನ್ನು ಅರ್ಧಕ್ಕೇ ತಡೆದಿದೆ. ಎಫಿ ಚಾಕುವಿನ ತುದಿಯಲ್ಲಿ ಒಂದೊಂದೇ ಹೊಲಿಗೆ ಬಿಚ್ಚುತ್ತಾರೆ. "ನಾನೇ ಹಾಕಿದ ಹೊಲಿಗೆ. ಎಷ್ಟು ಬಿಗಿ ಹಾಕಿದ್ದೀನಿ ನೋಡಿ, ಸಿಟ್ಟಲ್ಲಿ."

ಮಡಿಕೆ ಬಿಚ್ಚಿ, ಹೆಚ್ಚಾದ ಬಟ್ಟೆ ಕತ್ತರಿಸಿ, ಮತ್ತೆ ಬಾಗಿಲು ದೂಡುತ್ತಾರೆ. ಈ ಸಲ ಸದ್ದೇ ಬೇರೆ. ಮೊದಲು ಧಡ್, ಹಿಂದೆಯೇ ಸಣ್ಣಗೆ ಕ್ಲಿಕ್. ಎಫಿ ಒಂದು ಬೆರಳು ಎತ್ತಿ ನಮ್ಮನ್ನೆಲ್ಲ ಸುಮ್ಮನಿರಿಸುತ್ತಾರೆ. ಹುಯಿಯಾ ಹೊರಗಿನಿಂದ ಮೂರು ತಟ್ಟುತ್ತಾಳೆ. ಆಮೇಲೆ ಸಿಟ್ಟಿಗೆದ್ದವಳಂತೆ ಆರು. ಆಮೇಲೆ ಹೆಗಲು ಕೊಟ್ಟು ನೂಕುತ್ತಾಳೆ. ಬಾಗಿಲು ಅಲುಗುವುದಿಲ್ಲ. "ಸಾಕು ಬಿಡೇ, ನೀನು ರಾಜರ ದೂತೆ ಅಲ್ಲ, ಗೂಳಿ!" ಎಂದು ಎಫಿ ಒಳಗಿನಿಂದ ಕೂಗುತ್ತಾರೆ. ಕ್ವೇಲ್ ಮೊಗಸಾಲೆಯ ದೀಪ ಆರಿಸಿ, ಒಳಗೆ ದೀಪ ಹಾಕಿಸಿ, ಸಂದಿಯುದ್ದಕ್ಕೂ ಬಗ್ಗಿ ನೋಡುತ್ತಾರೆ. ಒಂದೆಳೆ ಬೆಳಕೂ ಇಲ್ಲ.

ಅಷ್ಟಾದರೂ ಎಫಿ ಹೊರಡುವುದಿಲ್ಲ. ಟರ್ಪೆಂಟೈನಿನ ಬಟ್ಟೆ ಹಿಡಿದು ಬಾಗಿಲ ಹಿಂದಿನ ನೆಲಕ್ಕೆ ಬರುತ್ತಾರೆ, ತಾವೇ ಮೇಣ ತಿಕ್ಕಿದ ಜಾಗಕ್ಕೆ. ಎರಡು ಪಾದ ಊರುವಷ್ಟು ಅಗಲ, ತಾವೇ ತಂದ ಹೊಳಪನ್ನು ತಾವೇ ಒರೆಸಿ ತೆಗೆಯುತ್ತಾರೆ. "ಪರ್ಸಿಗೆ," ಎನ್ನುತ್ತಾರೆ. "ಪಾಪ, ನಿನ್ನೆ ರಾತ್ರಿಯೆಲ್ಲ ನಿದ್ದೆ ಮಾಡಿರಲ್ಲ ಅವನು." ಎಂಟು ಹೊಡೆಯುತ್ತದೆ. ಜಮಖಾನೆಯವರು ಬರುತ್ತಾರೆ. ಎಫಿ ಬಕೆಟ್ಟು ತೊಳೆದು ಬೋರಲು ಹಾಕಿ, ಟೋಪಿಗೆ ಪಿನ್ನು ಚುಚ್ಚಿಕೊಂಡು, ಹಿಂಬಾಗಿಲಿನಿಂದ ಹೊರಡುತ್ತಾರೆ.

ಪತ್ರಕರ್ತರ ಗ್ಯಾಲರಿಯಲ್ಲಿ ನನಗೊಂದು ಜಾಗವಿತ್ತು. ಎರಡೂವರೆಗೆ ನಾನು ಅಲ್ಲಿಲ್ಲ. ಟಿನಾಕೋರಿ ಗುಡ್ಡದ ಇಳಿಜಾರಿನಲ್ಲಿ, ಎರಡು ಕೋಣೆಯ ಮರದ ಮನೆಯಲ್ಲಿ, ಎಫಿಯ ಅಡುಗೆಮನೆ ಮೇಜಿನ ಮುಂದೆ ಕೂತಿದ್ದೇನೆ. ಬನ್ನಿನಂಥ ಬಿಸಿ ಸ್ಕೋನು, ಬೆಣ್ಣೆ, ಗಟ್ಟಿ ಚಹಾ. ಹೊರಗೆ ಉತ್ತರದ ಗಾಳಿ ಹಂಚು ತಗಡುಗಳನ್ನೆಲ್ಲ ಆಡಿಸುತ್ತಿದೆ. ರೇಡಿಯೋದ ನಿರೂಪಕ ಒಬ್ಬೊಬ್ಬರ ಟೋಪಿಯನ್ನೂ ವರ್ಣಿಸುತ್ತಿದ್ದಾನೆ. ಗರಿಯಂತೆ, ಮುತ್ತಂತೆ. ಎಫಿ ಮೇಜಿನ ಅಂಚನ್ನು ಹಿಡಿದುಕೊಂಡಿದ್ದಾರೆ.

"ಬಾಯಿ ಮುಚ್ಚೋ," ಎಂದು ರೇಡಿಯೋಗೆ ಹೇಳುತ್ತಾರೆ.

ಅವನು ಮುಚ್ಚುತ್ತಾನೆ. ಬೂಟಿನ ಸದ್ದು ಹತ್ತಿರ ಬರುತ್ತದೆ. ಧಡ್! ಅದರ ಹಿಂದೆಯೇ ಏನೋ ಸಣ್ಣ ಸದ್ದು. ನಾಡಿಗೆಲ್ಲ ಪ್ರಸಾರವಾದ ಆ ಸದ್ದನ್ನು ಗುರುತು ಹಿಡಿದವರು ಎಷ್ಟು ಜನವೋ ಕಾಣೆ. ಎಫಿ ನನ್ನ ತೋಳು ಹಿಡಿದುಕೊಳ್ಳುತ್ತಾರೆ. "ಕೂತ್ಕೊಂಡ್ತು! ಕೇಳಿಸ್ತಾ?"

ಟಕ್.

ಟಕ್.

ಮೂರನೆಯದು ಬರುವಷ್ಟರಲ್ಲಿ ನನ್ನ ತೋಳಿನಲ್ಲಿ ಅವರ ಐದೂ ಬೆರಳು ಮೂಡಿವೆ. ಟಕ್. ಏನೂ ಆಗುವುದಿಲ್ಲ. ಬಾಗಿಲು ನಿಂತಿದೆ. ಆ ಮೌನ ಎಷ್ಟು ಹೊತ್ತೋ, ಬಹುಶಃ ನಾಲ್ಕೈದು ಸೆಕೆಂಡು. ಆಮೇಲೆ ಪರ್ಸಿ ಗ್ರಿಮೆಟ್‌ನ ದನಿ, ಬಂದವರು ಯಾರೆಂದು ಒಳಗೆ ಕೂಗಿ ಹೇಳುವ ದನಿ, ನಡುಗದೆ ಕೇಳುತ್ತದೆ. ಕಾಲ ಮೇಲೆ ನಿಂತವನ ದನಿ.

ಎಫಿ ಕಣ್ಣೊರೆಸಿಕೊಳ್ಳುತ್ತಾರೆ, ಈಗ. ಆಮೇಲೆ ರೇಡಿಯೋ ಆರಿಸಿಬಿಡುತ್ತಾರೆ. ರಾಜರ ಭಾಷಣ ಅವರಿಗೆ ಬೇಕಾಗಿಲ್ಲ. ಸೆರೆಯಾಳುಗಳಿಗೆ ಬರೆಯುವ ಕಾಗದ ತೆಗೆದು, ಪೆನ್ಸಿಲ್ಲಿನ ತುದಿ ನಾಲಿಗೆಗೆ ತಾಗಿಸಿ, ದಪ್ಪ ಅಕ್ಷರದಲ್ಲಿ ಬರೆಯುತ್ತಾರೆ. ನನಗೂ ಓದಿ ಹೇಳುತ್ತಾರೆ: "ಮಗಾ ಕ್ಲೆಮ್, ಬಾಗಿಲು ಹಾಕಿದ್ವಿ. ಮೂರು ಸಲ ತಟ್ಟಿದ್ರು. ಆಮೇಲೆ ನಾವೇ ತೆಗೆದ್ವಿ. ನಿಮ್ಮಪ್ಪನೂ ಒಂದು ಕೈ ಹಾಕಿದ್ರು, ಬಂದಾಗ ಹೇಳ್ತೀನಿ."

ಅಷ್ಟರಲ್ಲಿ ಗಾಳಿಗೆ ಮುಂಬಾಗಿಲು ಪಟಪಟ ಬಡಿದುಕೊಳ್ಳುತ್ತದೆ. ನಾನು ಬಂದಾಗಲೂ ಅದು ಹಾರು ಹೊಡೆದೇ ಇತ್ತು. ಕಾಗದ ಹಾರೀತೆಂದು ಎದ್ದು ಹೋಗಿ ಬಾಗಿಲು ಮುಚ್ಚಲು ನೋಡುತ್ತೇನೆ. ಅದಕ್ಕೆ ಚಿಲಕವೇ ಇಲ್ಲ. ಇದ್ದ ಜಾಗದಲ್ಲಿ ನಾಲ್ಕು ಮೊಳೆಯ ತೂತು ಮಾತ್ರ.

"ಅದನ್ನ ಮುಚ್ಚಬೇಡಿ," ಎನ್ನುತ್ತಾರೆ ಎಫಿ, ಬರೆಯುತ್ತಿದ್ದ ಕಾಗದದಿಂದ ತಲೆ ಎತ್ತದೆ. "ಕಾರ್ಡು ಬಂದ ದಿನವೇ ಚಿಲಕ ಕಿತ್ತುಹಾಕಿದ್ದೀನಿ. ಅವನು ಬಂದಾಗ ತಟ್ಟೋ ಹಾಗಾಗಬಾರದು."